ಬೆಲ್ಲದ ಕಾರಣಿಕ

“ಹುಚ್ಚರ ಮಾತು ದೈವದಾಗ ನಡಿಯಂಗಿಲ್ಲ ಬೇ, ಕುಂದ್ರು,” ಎನ್ನುತ್ತ ಕೊಟ್ರಬಸಪ್ಪ ಎಲೆಯಡಿಕೆ ಉಗುಳಲು ಕಟ್ಟೆಯ ಅಂಚಿಗೆ ಬಗ್ಗಿದ.

ಊರ ಹಿರಿಯರು ನಾಲ್ಕು ಜನ ಕೂಡಿದರೆ ಅದಕ್ಕೆ ದೈವ ಎಂದು ಹೆಸರು. ಆ ಮಧ್ಯಾಹ್ನ ಕೊಟ್ರಬಸಪ್ಪನ ಅಂಗಳದಲ್ಲಿ ಕೂಡಿದ್ದ ದೈವದಲ್ಲಿ ಇಬ್ಬರು ಗೋಡೆಗೊರಗಿ ನಿದ್ದೆ ಹೋಗಿದ್ದರು. ಒಬ್ಬ ಕಿವಿಯಲ್ಲಿ ಕಡ್ಡಿ ಆಡಿಸುತ್ತ ಕಣ್ಣು ಮುಚ್ಚಿ ಸುಖಪಡುತ್ತಿದ್ದ. ಉಳಿದವರು ಕೊಟ್ರಬಸಪ್ಪ ಯಾವ ಕಡೆಗೆ ತಲೆಯಾಡಿಸಿದರೆ ಆ ಕಡೆಗೆ ತಲೆಯಾಡಿಸುತ್ತಿದ್ದರು. ಇಂಥವರ ಬುದ್ಧಿ ನೆಟ್ಟಗಿದೆ, ನನ್ನದು ಕೆಟ್ಟಿದೆ ಎಂದು ತೀರ್ಮಾನ ಮಾಡಿದವರು ಯಾರೋ ಎಂದುಕೊಂಡಳು ಮರುಳಸಿದ್ದಮ್ಮ. ಅವಳು ಕುಳಿತುಕೊಳ್ಳಲಿಲ್ಲ.

ದೈವ ಕೂಡಿದ್ದು ಕೊಟ್ರಬಸಪ್ಪನ ತಮ್ಮ ಉಚ್ಚೆಂಗಪ್ಪನ ಸಲುವಾಗಿ. ಅಂಗಳದ ಆಚೆ ಕೊಟ್ಟಿಗೆಯ ಕಂಬಕ್ಕೆ ಅವನನ್ನು ಎರಡೂ ಕಾಲಿಗೆ ಸರಪಳಿ ಹಾಕಿ ಕಟ್ಟಿದ್ದರು. ಪಕ್ಕದ ಎಮ್ಮೆಗೆ ಹಗ್ಗವಿತ್ತು, ಇವನಿಗೆ ಕಬ್ಬಿಣ. ಸುಗ್ಗಿಯಲ್ಲಿ ಆಲೆಮನೆಯ ಕೊಪ್ಪರಿಗೆಯೊಳಗೆ ಕುದಿಯುವ ಕಬ್ಬಿನ ಹಾಲಿನಿಂದ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆಂದು ಅವನು ಬಗ್ಗಿ ನೋಡಿದ್ದ. ಆಳುಗಳು ಸೊಂಟ ಹಿಡಿದು ಎಳೆದಿದ್ದರು. ಅಂದಿನಿಂದ ಕಂಬವೇ ಗತಿ. ಈಗ ಕೊಟ್ರಬಸಪ್ಪನ ಮಗಳನ್ನು ನೋಡಲು ಸಂಡೂರಿನಿಂದ ಬೀಗರು ಬರುವವರಿದ್ದರು. ಬೀಗರ ಕಣ್ಣಿಗೆ ಎಮ್ಮೆ ಕಾಣಬಹುದು, ತಮ್ಮ ಕಾಣಬಾರದು. ಬೆಳಗಾದರೆ ಗಾಡಿ ಕಟ್ಟಿ ಹೊಸಪೇಟೆಗೆ ಒಯ್ಯುವುದು, ಮ್ಯಾಜಿಸ್ಟ್ರೇಟರ ಮುಂದೆ ದೈವದ ಇಬ್ಬರು ನಿಂತು ಇವನು ಮನೆಯಲ್ಲಿ ಇಟ್ಟುಕೊಳ್ಳುವಂಥವನಲ್ಲ ಎನ್ನುವುದು, ಅಲ್ಲಿಂದ ರೈಲು ಹತ್ತಿಸಿ ಮದ್ರಾಸಿನ ಹುಚ್ಚರ ಆಸ್ಪತ್ರೆಗೆ ಸಾಗಹಾಕುವುದು, ಇದು ಯೋಚನೆ. ಕಂಪ್ಲಿಯ ಕಡೆಯಿಂದ ಹಾಗೆ ಹೋದವರಲ್ಲಿ ತಿರುಗಿ ಬಂದವರನ್ನು ಯಾರೂ ಕಂಡಿರಲಿಲ್ಲ.

ಮರುಳಸಿದ್ದಮ್ಮ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುವವಳು. ಹರೆಯದಲ್ಲಿ ಅವಳಿಗೂ ಬುದ್ಧಿ ಕೆಟ್ಟಿತ್ತು. ಗಂಡ ತವರಿಗೆ ತಂದು ಬಿಟ್ಟುಹೋದ, ತವರಿನವರು ಗುಡಿಯ ಕಂಬಕ್ಕೆ ಕಟ್ಟಿದರು. ಹೇಗೋ ಇಳಿಯಿತು. ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದಾಗ ಹರಿಗೋಲಿನ ಪಾಲಪ್ಪ ಬಂದು ಪಕ್ಕದಲ್ಲಿ ಕೂಡುತ್ತಾನೆ. ಪಾಲಪ್ಪನಿಗೆ ಹೊಳೆಯ ನಡುವೆ ದನಿಗಳು ಕೇಳಲು ಸುರುವಾದರೆ ಮೊಸರು ಮಾರುವ ಹೊಳೆಮ್ಮ ಹೋಗಿ ಹರಿಗೋಲಿನಲ್ಲಿ ಕೂಡುತ್ತಾಳೆ. ಹೊಳೆಮ್ಮ ಅನ್ನ ಬಿಟ್ಟು ಮೂಲೆ ಹಿಡಿದರೆ ಮರುಳಸಿದ್ದಮ್ಮ. ಯಾರ ಮನೆಯಲ್ಲಿ ಯಾರಿಗೆ ಹೀಗಾಗಿದೆಯೆಂದು ಗೊತ್ತಾದರೂ ಮೂವರಲ್ಲಿ ಒಬ್ಬರು ಹೋಗುತ್ತಿದ್ದರು. ಎಮ್ಮಿಗನೂರಿನ ತನಕ ಹೋದದ್ದುಂಟು. ಮೊದಲು ಹೇಳುವುದು ಒಂದೇ ಮಾತು: “ದೇವ್ರಲ್ಲ, ದೆವ್ವಲ್ಲ. ಬ್ಯಾನಿ. ನನಗೂ ಬಂದಿತ್ತು.” ಆಮೇಲೆ ಸುಮ್ಮನೆ ಕೂಡುವುದು. ಊರವರು ಇವರಿಗೆ ಹುಚ್ಚರ ಕಂಪನಿ ಎಂದು ಹೆಸರಿಟ್ಟಿದ್ದರು. ಯಾವಾಗ ನಾಟಕ, ಯಾರದು ರಾಜಪಾರ್ಟು ಎಂದು ಕೇಳಿ ನಗುತ್ತಿದ್ದರು.

ಉಚ್ಚೆಂಗಪ್ಪನ ಹತ್ತಿರವೂ ಸುಗ್ಗಿಯಿಂದ ಸರದಿಯ ಮೇಲೆ ಕೂತಿದ್ದರು. ಈಗ ಅವನು ತಾನೇ ಉಣ್ಣುತ್ತಿದ್ದ. ಕರೆಯುವ ದನಿ ಇನ್ನೂ ಇದೆ, ಆದರೆ ದೂರ ಹೋಗಿದೆ ಎನ್ನುತ್ತಿದ್ದ. ಇದನ್ನೇ ಮರುಳಸಿದ್ದಮ್ಮ ದೈವದ ಮುಂದೆ ಹೇಳಬಂದಿದ್ದಳು: ಸರಪಳಿ ಬಿಚ್ಚಿರಿ, ಮದ್ರಾಸು ಬೇಡ, ಬೀಗರು ಬಂದು ಹೋಗುವ ತನಕ ಭಟ್ಟಿಯಲ್ಲಿ ನಮ್ಮ ಜೊತೆ ಇರಲಿ.

“ಹುಚ್ಚನ್ನ ಕಾಯಾಕ ಹುಚ್ಚರು,” ಎಂದ ಕಡ್ಡಿಯವನು, ಕಣ್ಣು ತೆರೆಯದೆ. ದೈವ ನಕ್ಕಿತು. ನಗುವಿಗೆ ನಿದ್ದೆಯವರೂ ಎಚ್ಚರಾದರು.

ಹಿಂದೆ ನಿಂತಿದ್ದ ಹೊಳೆಮ್ಮ ಅವಳ ಸೆರಗು ಜಗ್ಗಿದಳು. “ಯಕ್ಕಾ, ತುರುಬು ಬಿಚ್ಚಿಬಿಡು. ಸ್ವಲ್ಪ ನಡುಗು, ಸಾಕು. ಈ ಮುಂಡೇವು ತಾವ ಬಿಚ್ಚಿ ಕಳಸ್ತಾವು.”

ಹೊಳೆಮ್ಮ ಹೇಳಿದ್ದು ಸುಳ್ಳಲ್ಲ. ದೈವದ ನಡುವೆ ಹೆಣ್ಣೊಬ್ಬಳು ಕೂದಲು ಬಿಚ್ಚಿ ನಿಂತರೆ ಮೈಮೇಲೆ ದೇವಿ ಬಂದಳೆಂದೇ ಲೆಕ್ಕ. ಹಿಂದೆ ಮರುಳಸಿದ್ದಮ್ಮನನ್ನು ಗುಡಿಯ ಕಂಬಕ್ಕೆ ಕಟ್ಟಿದ್ದಾಗ ಇದೇ ಕೊಟ್ರಬಸಪ್ಪ ಕಾಯಿ ಕರ್ಪೂರ ಹಿಡಿದುಕೊಂಡು ಬಂದು, ತಾಯಿ, ಈ ಸಲ ಹೊಲಕ್ಕೆ ಏನು ಹಾಕಲಿ ಎಂದು ಕೇಳಿದ್ದ. ದೆವ್ವ ಬಿಡಿಸುತ್ತೇನೆಂದು ಮಂತ್ರಗಾರ ಅವಳನ್ನು ದಿನಗಟ್ಟಲೆ ಉಪವಾಸ ಕೆಡವಿದ್ದ. ಕೊಟ್ರಬಸಪ್ಪನ ತಟ್ಟೆಯಲ್ಲಿ ಒಂದು ಉಂಡೆ ಬೆಲ್ಲವಿತ್ತು. ಅವಳು “ಬೆಲ್ಲ, ಬೆಲ್ಲ,” ಎಂದಿದ್ದಳು. ಅವನು ದೇವಿ ನುಡಿದಳು, ಕಾರಣಿಕವಾಯಿತೆಂದು ಉದ್ದಕ್ಕೆ ಅಡ್ಡಬಿದ್ದು, ತಟ್ಟೆ ಎತ್ತಿಕೊಂಡು ಮನೆಗೆ ಹೋಗಿ, ಭತ್ತದ ಗದ್ದೆಗೆಲ್ಲ ಕಬ್ಬು ಹಾಕಿದ. ಬೆಳೆಯಿತು. ಮಾಳಿಗೆ ಎದ್ದಿತು. ಬೆಲ್ಲ ಮಾತ್ರ ಅವಳ ಬಾಯಿಗೆ ಬರಲಿಲ್ಲ.

ಆದರೂ ಅವಳು ತುರುಬು ಬಿಚ್ಚಲಿಲ್ಲ. ಕೊಟ್ಟಿಗೆಯಿಂದ ಉಚ್ಚೆಂಗಪ್ಪ ನೋಡುತ್ತಿದ್ದ. ದೇವರಲ್ಲ, ದೆವ್ವವಲ್ಲ ಎಂದು ಅವನಿಗೆ ಹೇಳಿದ ಬಾಯಿಯಿಂದಲೇ ದೇವಿಯಾಗಿ ಕೂಗಿದರೆ, ನಾಳೆ ಕೊಪ್ಪರಿಗೆಯೊಳಗಿಂದ ಕರೆದವಳೂ ದೇವಿಯೇ ಆಗುತ್ತಾಳೆ.

“ಕೊಟ್ರಬಸಣ್ಣ, ನಾ ಬೆಲ್ಲ ಅಂದಿದ್ಕ ನೀ ಕಬ್ಬು ಹಾಕಿದಾಗ ನಾ ಹುಚ್ಚಿ ಇದ್ದೆ,” ಎಂದಳು. “ಅವತ್ತು ನನ್ನ ಮಾತು ನಡೀತು. ಈಗ ಬುದ್ಧಿ ಐತಿ, ನಡಿಯಂಗಿಲ್ಲ. ಹಂಗಂದ್ರ ನಿನಗ ಹುಚ್ಚರ ಮಾತ ಬೇಕೇನು?”

ಯಾರೋ ಕಿಸಕ್ಕೆಂದರು. ಕೊಟ್ರಬಸಪ್ಪನ ಮುಖ ಕೆಂಪಾಯಿತು. ಇವಳನ್ನು ಎಳೆದು ಹೊರಗೆ ಹಾಕು ಎಂದು ಆಳಿಗೆ ಕೈಮಾಡಿದ. ಆಳು ರಟ್ಟೆಗೆ ಕೈ ಹಾಕಿದ. ಮರುಳಸಿದ್ದಮ್ಮ ಕೊಸರಿದ ರಭಸಕ್ಕೆ ಸೆರಗು ಜಾರಿತು, ತುರುಬಿನ ದಾರ ಹರಿಯಿತು, ನರೆತ ಕೂದಲು ನಡುವಿನ ತನಕ ಇಳಿಯಿತು. ಅವಳಿಗೆ ಅದರ ಖಬರೇ ಇರಲಿಲ್ಲ. ಸಿಟ್ಟಿಗೆ ಮೈ ಗಡಗಡ ನಡುಗುತ್ತಿತ್ತು.

“ಬಿಡ್ರೋ ಅವನ್ನ!” ಎಂದು ಕೂಗಿದಳು.

ಆಳು ಕೈ ಸುಟ್ಟವನಂತೆ ಹಿಂದಕ್ಕೆ ಹಾರಿದ. ಬಾಗಿಲ ಹಿಂದಿನ ಹೆಂಗಸರು ಉಧೋ ಎಂದರು. ಕಡ್ಡಿಯವನು ಕಡ್ಡಿ ಕಿವಿಯಲ್ಲೇ ಬಿಟ್ಟು ಕೈಮುಗಿದ. ಯಾರೋ ಅವಳ ಕಾಲಿಗೆ ತಂಬಿಗೆ ನೀರು ಸುರಿದು ಅರಿಶಿನ ಕುಂಕುಮ ಬಳಿದರು. ಪಾದದ ಮೇಲಿನ ಸರಪಳಿಯ ಹಳೆಯ ಗಾಯದ ಗುರುತು ಅದರಲ್ಲಿ ಮುಚ್ಚಿಹೋಯಿತು. ನೋಡುತ್ತಿದ್ದಂತೆ ಕೊಟ್ರಬಸಪ್ಪ ರುಮಾಲು ತೆಗೆದು, ಈಗಷ್ಟೇ ತಾನು ಉಗುಳಿದ ನೆಲದ ಮೇಲೆಯೇ ಉದ್ದಕ್ಕೆ ಬಿದ್ದಿದ್ದ.

ಏನಾಯಿತೆಂದು ಅವಳಿಗೆ ತಿಳಿಯಿತು. ಹೇಸಿಗೆಯಾಯಿತು.

“ಏಳಲೇ,” ಎಂದಳು. “ನನಗ ಯಾವ ದೇವಿನೂ ಬಂದಿಲ್ಲ.”

“ದೇವಿ ಪರೀಕ್ಷೆ ಮಾಡಾಕತ್ತಾಳ್ರಿ,” ಎಂದ ಒಬ್ಬ ಹಿರಿಯ.

“ನಾ ಮಂಡಕ್ಕಿ ಭಟ್ಟಿ ಸಿದ್ದಮ್ಮ. ಬಂದಿದ್ರ ಬಂದೈತಿ ಅಂತಿದ್ದೆ.”

“ನೋಡ್ರಿ, ಹೆಂಗ ಮರೆ ಮಾಡ್ತಾಳ ತಾಯಿ,” ಎಂದು ಇನ್ನೊಬ್ಬ ಗಲ್ಲ ಬಡಿದುಕೊಂಡ.

ಅವಳು ಹೇಳಿದ್ದನ್ನು ಆ ಅಂಗಳದಲ್ಲಿ ಒಬ್ಬನೂ ನಂಬಲಿಲ್ಲ. ಕೊಟ್ರಬಸಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿ, ಒಳಗಿನಿಂದ ಬೆಲ್ಲದ ಉಂಡೆ ತರಿಸಿ, ಎರಡನ್ನೂ ತಟ್ಟೆಯಲ್ಲಿಟ್ಟು ಮುಂದೆ ಹಿಡಿದ. ತಮ್ಮನನ್ನು ಕರೆದುಕೊಂಡು ಹೋಗು ತಾಯಿ, ಹೊಲದ ಮೇಲೆ ಮಾತ್ರ ಮುನಿಸು ಇಡಬೇಡ ಎಂದು ಬೇಡಿಕೊಂಡ. ಅವಳು ಬೀಗದ ಕೈ ತೆಗೆದುಕೊಂಡಳು. ಸ್ವಲ್ಪ ಯೋಚಿಸಿ ಬೆಲ್ಲವನ್ನೂ ತೆಗೆದುಕೊಂಡಳು.

ಕೊಟ್ಟಿಗೆಯಲ್ಲಿ ಬೀಗ ತೆರೆಯುವಾಗ ಉಚ್ಚೆಂಗಪ್ಪ ಕಂಬಕ್ಕೆ ಒತ್ತಿಕೊಂಡು ಕೂತಿದ್ದ. ಅವಳ ಕೂದಲನ್ನೂ ಕುಂಕುಮದ ಕಾಲನ್ನೂ ನೋಡುತ್ತಿದ್ದ.

“ಯಕ್ಕಾ, ದೇವಿ ಬಂದಿದ್ಳೇನು?”

“ಇಲ್ಲಪ್ಪ. ಸಿಟ್ಟು ಬಂದಿತ್ತು.”

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ತಲೆಯಾಡಿಸಿದ.

ಎಮ್ಮೆಯ ಬಾನಿಯ ನೀರಿನಲ್ಲಿ ಅವಳು ಕಾಲು ತೊಳೆದುಕೊಂಡಳು. ಹುಬ್ಬು ಜಗ್ಗುವಷ್ಟು ಬಿಗಿಯಾಗಿ ತುರುಬು ಕಟ್ಟಿದಳು. ಬೆಲ್ಲವನ್ನು ಕಲ್ಲಿಗೆ ಕುಟ್ಟಿ ಅವನಿಗೊಂದು ಚೂರು, ಹೊಳೆಮ್ಮನಿಗೊಂದು ಚೂರು ಕೊಟ್ಟು, ತಾನೂ ಬಾಯಿಗೆ ಹಾಕಿಕೊಂಡಳು. ಹೊರಗೆ ಓಣಿಯ ಎರಡೂ ಬದಿಗೆ ಜನ ಕೈಮುಗಿದು ನಿಂತಿದ್ದರು. ಅವಳು ಅವರ ಕಡೆ ನೋಡಲಿಲ್ಲ. ಉಚ್ಚೆಂಗಪ್ಪನ ಕಾಲಿನಲ್ಲಿ ಈಗ ಏನೂ ಇರಲಿಲ್ಲ. ಆದರೂ ಅವನು ಸರಪಳಿ ಬಿಡುತ್ತಿದ್ದಷ್ಟೇ ದೂರ ಹೆಜ್ಜೆ ಇಡುತ್ತಿದ್ದ. ಮರುಳಸಿದ್ದಮ್ಮ ತನ್ನ ಹೆಜ್ಜೆಯನ್ನೂ ಅಷ್ಟೇ ಗಿಡ್ಡ ಮಾಡಿಕೊಂಡು ಅವನ ಪಕ್ಕದಲ್ಲಿ ಭಟ್ಟಿಯ ಕಡೆಗೆ ನಡೆದಳು.