ಅವ್ವ ತಟ್ಟಿ ತಂದ ಬೇಸ್ ಗಿಟಾರು

ಕೊಡವನ್ನು ತಟ್ಟಿ ನೋಡಿ ಕೊಳ್ಳುತ್ತಾರೆ, ಒಪ್ಪಿದೆ. ಬೇಸ್ ಗಿಟಾರನ್ನು ತಟ್ಟಿ ನೋಡಿ ಕೊಂಡವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆಕೆ ನಮ್ಮವ್ವ, ಹಿರಾಬಾಯಿ.

ಎಪ್ಪತ್ತನಾಲ್ಕನೆಯ ಇಸವಿ. ಸೊಲ್ಲಾಪುರದಲ್ಲಿ ನಾನು ಮಿಲ್ಲಿಗೆ ಹೋಗುತ್ತಿದ್ದೆ, ಅವ್ವ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಸಂಜೆಯಾದರೆ ನಾಗಣ್ಣ ಮಾಸ್ತರರ ಆರ್ಕೆಸ್ಟ್ರಾದ ತಾಲೀಮಿಗೆ ನನ್ನ ಓಟ. ಅಲ್ಲಿ ಹಾಡಿನ ಅಡಿಗೆ ದಪ್ಪ ದನಿ ತುಂಬುವ ಬೇಸ್ ಬಾರಿಸುವವನ ಗಿಟಾರಿನ ಮೇಲೆಯೇ ಅಷ್ಟಿಷ್ಟು ಕಲಿತಿದ್ದೆ. ಆ ಪುಣ್ಯಾತ್ಮ ಒಂದು ದಿನ ಗಿಟಾರು ಹೊತ್ತುಕೊಂಡು ಪುಣೆಗೆ ಹೋಗಿಬಿಟ್ಟ. ಮಾಸ್ತರರು ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು:

"ಅಂಬಾರಾಯ, ಗಣಪತಿಗಿ ಅಕ್ಕಲಕೋಟ್ಯಾಗ ಪ್ರೋಗ್ರಾಮ್ ಅದ. ಸ್ವಂತದ್ದೊಂದು ಬೇಸ್ ತಂದಿ ಅಂದ್ರ ಜಾಗಾ ನಿಂದು. ಇಲ್ಲಂದ್ರ ಗುಲಬರ್ಗಾದಾಂವ ಒಬ್ಬ ಬರ್ತೀನಿ ಅನ್ನಾಕತ್ಯಾನ."

ಆ ಜಾಗದ ಆಸೆಗೆ ನನಗೆ ಊಟ ಸೇರದಾಯಿತು. ಅವ್ವನಿಗೆ ನೋಡಲಾಗಲಿಲ್ಲ. ಬೀಡಿ ಕಟ್ಟುವ ಹೆಂಗಸರು ತಿಂಗಳಿಗಿಷ್ಟೆಂದು ಕೂಡಿಹಾಕುವ ಭಿಶಿ ಚೀಟಿಯ ಹಣ ಆ ಸಲ ಅವಳ ಪಾಲಿಗೆ ಬಂದಿತ್ತು. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, "ನಡಿ, ಏನ್ ತಗೋತಿ ನೋಡೂನು" ಎಂದು ಹೊರಟೇಬಿಟ್ಟಳು.

ವಾದ್ಯದ ಅಂಗಡಿಯ ಸಾತಲಿಂಗಪ್ಪ ಸಾವುಕಾರರು ನಮ್ಮ ಗಂಟಿಗೆ ನಿಲುಕುವಂಥ ಎರಡು ಹಳೆಯ ಬೇಸ್‌ಗಳನ್ನು ಇಳಿಸಿದರು. ಒಂದು ಕರಿಯದು, ಗಟ್ಟಿ ಹಲಗೆ, ಅಲ್ಲಲ್ಲಿ ಬಣ್ಣ ಹಾರಿತ್ತು. ಇನ್ನೊಂದು ಕೆಂಪು, ಒಳಗೆ ಪೊಳ್ಳು, ಎದೆಯ ಮೇಲೆ ಎರಡು ಉದ್ದನೆಯ ಸೀಳು. ಅಂದು ಪೇಟೆಯಲ್ಲಿ ಕರೆಂಟಿಲ್ಲ, ಸ್ಪೀಕರಿಗೆ ಹಚ್ಚಿ ಕೇಳುವ ಹಾಗಿಲ್ಲ. ನಾನು ತಂತಿ ಮೀಟುತ್ತ ಒದ್ದಾಡುತ್ತಿರುವಾಗ ಅವ್ವ ಮುಂದೆ ಬಂದು ಬೆರಳ ಗೆಣ್ಣಿನಿಂದ ಎರಡನ್ನೂ ತಟ್ಟಿದಳು. ಕಿವಿ ಹಚ್ಚಿ ಇನ್ನೊಮ್ಮೆ ತಟ್ಟಿದಳು.

"ಈ ಕರೀದು ದಬ್ ಅಂತದ. ಸೀಳಿದ ಕೊಡಾ ಹಿಂಗ ಅಂತಾವ. ಕೆಂಪಂದು ನೋಡು, ಹ್ಯಾಂಗ ಘಣ್ ಅಂತದ!"

"ಬಾಯಿ, ಇದು ಕೊಡಾ ಅಲ್ಲ" ಎಂದು ಸಾವುಕಾರರು ನಕ್ಕರು. "ಕರೆಂಟ್ ಬಂದ್ರ ಕರೀದೂ ಮಾತಾಡ್ತದ."

"ನನಗ ಹೇಳಬ್ಯಾಡ್ರಿ ಸಾವಕಾರ. ಸಂತ್ಯಾಗ ನಾ ತಂದ ಕೊಡಾ ಒಂದರೆ ಸೋರೇದೇನು?"

ಸುಳ್ಳೇಕೆ, ನನ್ನ ಕಣ್ಣೂ ಕೆಂಪಿನ ಮೇಲೆಯೇ ಇತ್ತು. ಕೆಂಪೇ ಮನೆಗೆ ಬಂತು.

ಅಕ್ಕಲಕೋಟೆಗೆ ಅವ್ವನೂ ಎಸ್‌ಟಿ ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲೇ ಕುಳಿತಳು. ಮೊದಲನೆಯ ಹಾಡು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ದಪ್ಪ ತಂತಿ ಮುಟ್ಟಿದ್ದೇ ತಡ, ಗಿಟಾರು ಹೂಂ ಎಂದು ಊಳಿಡತೊಡಗಿತು. ಪೊಳ್ಳು ಮೈ ಸ್ಪೀಕರಿನ ದನಿಯನ್ನು ನುಂಗಿ ತಿರುಗಿ ಅದಕ್ಕೇ ಕೊಡುತ್ತದೆಂದು ಆಗ ಯಾರಿಗೆ ಗೊತ್ತು! ಮಾಸ್ತರರು ಕೆಂಗಣ್ಣು ಬಿಟ್ಟು, "ಬಂದ್ ಮಾಡೋ!" ಅಂದರು. ದನಿ ಪೂರ್ತಿ ಇಳಿಸಿದೆ. ಹಾಡೇನೋ ನಡೆಯಿತು, ಕಾಲು ಮುರಿದ ಮಂಚದ ಹಾಗೆ.

ಅಲ್ಲಿಯವರೆಗೆ ನಾನು ಬಾರಿಸುವುದು ಯಾವ ದನಿಯೆಂದೇ ಅವ್ವನಿಗೆ ಗೊತ್ತಾಗಿರಲಿಲ್ಲ. ಈಗ ಅದು ನಿಂತಾಗ ತಿಳಿಯಿತು; ಎದ್ದುನಿಂತು ಮಂದಿಯ ನಡುವೆ ಕೂಗಿದಳು:

"ಏ ಅಂಬ್ಯಾ, ಯಾಕ ನಿಲ್ಲಿಸ್ದಿ? ಹಾಡು ಖಾಲಿ ಖಾಲಿ ಆಗ್ಯದ, ಬಾರ್ಸೋ!"

ಮಂದಿಯೆಲ್ಲ ಗೊಳ್ಳೆಂದರು. ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೆ ಒಳಗೊಳಗೇ ಎಂಥ ಹಿಗ್ಗು!

ಇಂಟರ್ವಲ್ಲಿನಲ್ಲಿ ಮಾಸ್ತರರು, "ಗುಲಬರ್ಗಾದಾಂವಗ ಹೇಳಿ ಕಳಸ್ತೀನಿ" ಎಂದುಬಿಟ್ಟರು. ನನಗೆ ಅಳುವೊಂದೇ ಬಾಕಿ. ಡ್ರಮ್ಮಿನ ಸೈದಪ್ಪ ಅಡ್ಡಬಂದ.

"ತಡೀರಿ ಮಾಸ್ತರ. ನನ್ನ ದೊಡ್ಡ ಡ್ರಮ್ಮಿನಾಗ ಕಂಬಳಿ ತುಂಬೀನಿ, ಅದಕ್ಕ ಅದು ಗುಂಯ್ ಅನ್ನಂಗಿಲ್ಲ. ಇದಕ್ಕೂ ಅರಿವಿ ತುಂಬಿ ನೋಡೂನು."

ಅರಿವೆ ಎಲ್ಲಿಂದ ಬರಬೇಕು? ಅವ್ವ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿ, ಶೇಂಗಾ ಹಿಂಡಿಯನ್ನು ವಾದ್ಯದವರ ಕೈಗೆಲ್ಲ ಹಂಚಿ ಅರಿವೆ ಝಾಡಿಸಿ ಕೊಟ್ಟಳು. ಸೈದಪ್ಪ ಡ್ರಮ್ಮಿನ ಕೋಲಿನಿಂದ ಅದನ್ನು ಸೀಳಿನೊಳಗೆ ತುರುಕಿದ. ಆಮೇಲೆ ಗಿಟಾರು ಊಳಿಡಲಿಲ್ಲ. ಒಂದೊಂದು ದನಿಯೂ ತುಂಬಿ ಬಂತು.

ಮುಗಿದ ಮೇಲೆ ಮಾಸ್ತರರು ನನ್ನ ಕಡೆ ನೋಡಲೂ ಇಲ್ಲ. ಅವ್ವನಿಗೆ ಹೇಳಿದರು: "ಬಾಯಿ, ಬರೂ ಐತವಾರ ಮಂಗಳವೇಢ್ಯಾಗ ಪ್ರೋಗ್ರಾಮ್ ಅದ. ಮಗನ್ನ ಕಳಸ್ರಿ."

"ಕಳಸ್ತೀನ್ರಿ. ಮೊದಲ ನನ್ನ ಅರಿವಿ ತಗದು ಕೊಡ್ಲಿ. ನಾಳಿ ಬುತ್ತಿ ಯಾತರಾಗ ಕಟ್ಟಲಿ?"

ತೆಗೆಯಲು ಹೋದರೆ ಬರಲಿಲ್ಲ. "ನಾಳಿ ಕೊಡ್ತೀನಿ ಬೇ" ಅಂದೆ. ಆ ನಾಳೆ ಎಂದೂ ಬರಲಿಲ್ಲ. ಹೊಸ ಅರಿವೆ ತಂದುಕೊಟ್ಟರೂ, ಸಿಟ್ಟು ಬಂದಾಗಲೆಲ್ಲ, "ಮೊದಲ ನನ್ನ ಅರಿವಿ ಕೊಡೋ ಭಾಡ್ಯಾ" ಎಂದು ಅವ್ವ ಕಾಡುತ್ತಲೇ ಇದ್ದಳು.

ಮೊನ್ನೆ ಗಿಟಾರು ದುರಸ್ತಿಗೆ ಕೊಟ್ಟಿದ್ದೆ. ಅಂಗಡಿಯವನು ಕೊಕ್ಕೆ ಹಾಕಿ ಅರಿವೆಯನ್ನು ಸರಕ್ಕನೆ ಎಳೆದು ನನ್ನ ಕೈಗಿಟ್ಟ. ಮಡಚಿ ಜೇಬಿಗಿಟ್ಟುಕೊಂಡು ಲಗುಬಗೆಯಿಂದ ಮನೆಗೆ ಬಂದೆ, ಅವ್ವನಿಗೆ ಕೊಡಬೇಕೆಂದು. ಹೊಸ್ತಿಲು ದಾಟಿ, ಗೋಡೆಯ ಮೇಲೆ ಹಾರ ಹಾಕಿದ ಅವ್ವನ ಫೋಟೋ ಕಂಡ ಮೇಲೆ ನೆನಪಾಯಿತು.