ಓಡೀಲ್ ನೋಡಿದ ಪಂದ್ಯ

ಬಿಲ್ಲೆ ಬಂದು ಗಾಜಿನ ಗೋಡೆಗೆ ಬಡಿದ ಸದ್ದಿಗೆ ಓಡೀಲ್ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕಾಫಿ ಕೋಟಿನ ಮೇಲೆ ಚೆಲ್ಲಿತು. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಆಡುವ, ಅಂಗೈಯಗಲದ ಕಪ್ಪು ರಬ್ಬರಿನ ಬಿಲ್ಲೆ. ಗಾಜಿಲ್ಲದಿದ್ದರೆ ನೇರ ತನ್ನ ಮುಖಕ್ಕೇ ಬರುತ್ತಿತ್ತು ಎಂದುಕೊಂಡಳು.

"ಇನ್ನೂ ಆಟಾನೇ ಶುರುವಾಗಿಲ್ಲ ಕಣೇ, ಕೈಕಾಲು ಬಿಸಿ ಮಾಡ್ಕೊಳ್ತಿದಾರೆ ಅಷ್ಟೆ," ಎಂದಳು ಪಕ್ಕದಲ್ಲಿ ಕೂತಿದ್ದ ಹಿಲ್ಯಾ ಮುದುಕಿ. ಪ್ರತಿ ಶುಕ್ರವಾರ ಓಡೀಲಳ ಅಂಗಡಿಗೆ ಬಂದು ಕೂದಲು ಸುರುಳಿ ಮಾಡಿಸಿಕೊಂಡು ಹೋಗುವ ಹೆಂಗಸು ಅವಳು. "ಈಗ್ಲೇ ಹಿಂಗಾದ್ರೆ ಮೂರು ಪಾಳಿ ಆಟಕ್ಕೆ ಹೆಂಗೆ ಕೂರ್ತೀಯ?"

ಓಡೀಲ್ ಕೋಟು ಒರೆಸಿಕೊಳ್ಳುತ್ತ ಅತ್ತ ನೋಡಿದಳು. ದೂರದಲ್ಲಿ, ಗೋಲಿನ ಕಬ್ಬಿಣದ ಚೌಕಟ್ಟಿನ ಮುಂದೆ, ಮುಖವಾಡ ತೊಟ್ಟು ಮೊಣಕಾಲು ಬಗ್ಗಿಸಿ ನಿಂತಿದ್ದವನು ಅವಳ ಗಂಡ ವೆಯಿಕ್ಕೊ ಸಾಲ್ಮೆಲಾ. ಅಷ್ಟೊಂದು ಮೆತ್ತೆ, ಪಟ್ಟಿಗಳ ಒಳಗೆ ಅವನೇ ಇದ್ದಾನೆಂದು ನಂಬುವುದಕ್ಕೇ ಅವಳಿಗೆ ಕಷ್ಟವಾಗುತ್ತಿತ್ತು.

ಬ್ರಾಕನ್ ರಿವರಿನಲ್ಲಿ ಹುಟ್ಟಿ ಬೆಳೆದೂ ಈ ಕ್ರೀಡಾಂಗಣಕ್ಕೆ ಅವಳು ಹನ್ನೊಂದು ವರ್ಷದಿಂದ ಕಾಲಿಟ್ಟಿರಲಿಲ್ಲ. ವೆಯಿಕ್ಕೊ ಆಗ ಹೊಸದಾಗಿ ಪರಿಚಯವಾಗಿದ್ದ. ಅವನು ಕರೆದನೆಂದು ಒಂದು ಪಂದ್ಯಕ್ಕೆ ಬಂದಿದ್ದಳು. ಗೋಲಿನ ಮುಂದೆ ಯಾರೋ ಆಯತಪ್ಪಿ ಬಿದ್ದ. ಅವನ ಸ್ಕೇಟಿನ ಅಲಗು ಹಾರಿ ವೆಯಿಕ್ಕೊನ ಕುತ್ತಿಗೆಗೆ ತಾಗಿತು. ಬಿಳಿ ಮಂಜುಗಡ್ಡೆ ಕೆಂಪಾದದ್ದನ್ನು ನೋಡಿದವಳೇ ಎದ್ದು ಓಡಿಹೋಗಿದ್ದಳು. "ನಿನ್ನ ಮದುವೆ ಆಗ್ತೀನಿ, ಆದ್ರೆ ಅಲ್ಲಿಗೆ ಮಾತ್ರ ಕರೀಬೇಡ," ಎಂದಿದ್ದಳು. ಅವನೂ ಕರೆಯಲಿಲ್ಲ.

ಆದರೆ ಈ ಊರಿನಲ್ಲಿ ಕೂದಲು ಕತ್ತರಿಸುವವಳು ಹಾಕಿಯ ಸುದ್ದಿ ಕೇಳದೆ ಇರುವುದು ಹೇಗೆ? ಕುರ್ಚಿಯಲ್ಲಿ ಕೂತವರೆಲ್ಲ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಹೇಳುತ್ತಿದ್ದರು: "ನಿನ್ ಗಂಡ ನಿನ್ನೆ ಐದು ಗೋಲು ಬಿಟ್ಟ ಕಣಮ್ಮ." "ಕೊನೇದು ನಮ್ಮಜ್ಜೀನೂ ಹಿಡೀತಿದ್ಲು." ಹೀಗೆ ಗಂಡನ ಕೆಲಸದ ಬಗ್ಗೆ ಓಡೀಲಳಿಗೆ ತಿಳಿದದ್ದೆಲ್ಲ ಅವನು ಬಿಟ್ಟ ಗೋಲುಗಳು.

ಹದಿನೆಂಟನೆಯ ವಯಸ್ಸಿಗೆ ಮನೆ ಬಿಟ್ಟ ವೆಯಿಕ್ಕೊ ಸಣ್ಣ ಲೀಗುಗಳಲ್ಲೇ ಸವೆದಿದ್ದ. ಊರಿಂದೂರಿಗೆ ಬಸ್ಸು, ಬಸ್ಸಿನಲ್ಲೇ ನಿದ್ದೆ. ಅವನು ಆಡಿದ ಕೆಲವು ತಂಡಗಳು ಮುಚ್ಚಿಯೇ ಹೋಗಿದ್ದವು. ಒಮ್ಮೆ ಮಾತ್ರ ದೊಡ್ಡ ಲೀಗಿನ ತಂಡವೊಂದರ ಗೋಲ್‌ಕೀಪರ್ ಜ್ವರ ಬಂದು ಮಲಗಿದಾಗ ಇವನನ್ನು ವಿಮಾನದಲ್ಲಿ ಕರೆಸಿಕೊಂಡಿದ್ದರು. ಇಡೀ ಸಂಜೆ ಬೆಂಚಿನ ತುದಿಯಲ್ಲಿ, ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಬಂದ. ಹೇಗಿತ್ತು ಎಂದು ಓಡೀಲ್ ಕೇಳಿದ್ದಕ್ಕೆ, "ಐಸ್ ತುಂಬಾ ಚೆನ್ನಾಗಿತ್ತು," ಎಂದಷ್ಟೇ ಹೇಳಿದ್ದ.

ಈಗ ಬೆಳಗಾದರೆ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಾನೆ. ಮೊಣಕಾಲು ಮಡಚುವುದಿಲ್ಲ. ಓಡೀಲಳ ಅಣ್ಣ ಮಾರ್ಸೆಲ್ ಮರದ ಮಿಲ್ಲಿನಲ್ಲಿ ಮೇಸ್ತ್ರಿ. ಅಲ್ಲೊಂದು ಜಾಗ ಖಾಲಿಯಿತ್ತು. ವೆಯಿಕ್ಕೊ ಆಟ ಬಿಟ್ಟು ಅದಕ್ಕೆ ಸೇರಲಿ ಎಂಬುದು ಓಡೀಲಳ ಹಟ. ಗುರುವಾರ ಬಟಾಣಿ ಸಾರಿನ ಮುಂದೆ ಗಂಡ ಹೆಂಡಿರಿಗೆ ಜಗಳವಾಯಿತು.

"ಮೂವತ್ತೇಳಾಯ್ತು ನಿಂಗೆ. ಇನ್ನೂ ಯಾರ್ಯಾರದೋ ಏಟು ತಿನ್ನೋಕೆ ಹೋಗ್ತೀಯಲ್ಲ, ಏನಿದೆ ಅದ್ರಲ್ಲಿ?"

ವೆಯಿಕ್ಕೊ ಚಮಚ ಕೆಳಗಿಟ್ಟ. ಅವನು ಮಾತಿಗೆ ಮೊದಲು ಬಹಳ ಹೊತ್ತು ತೆಗೆದುಕೊಳ್ಳುವ ಜಾತಿ. "ಭಾನುವಾರ ಮಧ್ಯಾಹ್ನ ಈ ವರ್ಷದ ಕೊನೇ ಪಂದ್ಯ. ಒಂದ್ಸಲ ಬಂದು ನೋಡು. ಆಮೇಲೆ ನೀನು ಬಿಡು ಅಂದ್ರೆ ಬಿಡ್ತೀನಿ."

"ಬಿಡು ಅಂತ್ಲೇ ಅಂತೀನಿ."

"ಅನ್ನು. ನೋಡ್ಬಿಟ್ಟು ಅನ್ನು."

'ಬಿಡು' ಎಂಬ ಆ ಒಂದು ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಅವಳು ಬಂದಿದ್ದಳು.

ಎದುರಾಳಿಗಳು ಪೋರ್ಟ್ ಆಲ್ಡರಿನವರು. ಲೀಗಿನಲ್ಲಿ ಎಲ್ಲರಿಗಿಂತ ಮೇಲಿದ್ದವರು. ಎಲ್ಲರಿಗಿಂತ ಕೆಳಗಿದ್ದದ್ದು ನಮ್ಮ ಬ್ರಾಕನ್ ರಿವರ್ ತಂಡ. ಆಟ ಶುರುವಾದದ್ದೇ ತಡ, ಅವರು ನುಗ್ಗಿದರು. ಓಡೀಲ್ ಬೆರಳ ಸಂದಿಯಿಂದ ನೋಡಿದಳು. ಮೈಗೆ ಮೈ ಬಡಿಯುವ ಸದ್ದು, ಅಲಗುಗಳು ಮಂಜುಗಡ್ಡೆಯನ್ನು ಸೀಳುವ ಸದ್ದು. ಬಿಲ್ಲೆ ಎಲ್ಲಿದೆಯೆಂದು ಕಣ್ಣು ಹುಡುಕುವುದರೊಳಗೆ ಅದು ಬೇರೆಲ್ಲೋ ಇರುತ್ತಿತ್ತು.

"ಏಯ್ ಸಾಲ್ಮೆಲಾ! ಆ ದೊಣ್ಣೆ ಊರ್ಕೊಂಡು ಮನೆಗೆ ಹೋಗೋ ತಾತ!" ಮೇಲಿನ ಸಾಲಿನಿಂದ ಒಬ್ಬ ದಡೂತಿ ಆಸಾಮಿ ಕೂಗಿದ.

"ನಿಮ್ಮನೇಲಿ ನಿನ್ನ ಸೇರ್ಸಲ್ಲ ಅಂತ ಎಲ್ಲರನ್ನೂ ಮನೆಗೆ ಕಳಿಸ್ಬೇಡ್ವೋ!" ಎಂದು ಹಿಲ್ಯಾ ತಿರುಗಿಯೂ ನೋಡದೆ ಕೂಗಿದಳು. ಸುತ್ತಲಿದ್ದವರು ನಕ್ಕರು. ಆಮೇಲೆ ಓಡೀಲಳ ಮೊಣಕೈ ತಿವಿದು, "ಬಿಲ್ಲೆ ಹುಡುಕ್ಬೇಡ್ವೇ. ಅದು ಯಾರ ಕಣ್ಣಿಗೂ ಸಿಗಲ್ಲ. ಅವನನ್ನ ನೋಡು," ಎಂದಳು.

ಓಡೀಲ್ ಕೈ ಕೆಳಗಿಳಿಸಿ ಅವನನ್ನೇ ನೋಡಿದಳು.

ಮೊದಲಿಗೆ ಏನೂ ಕಾಣಲಿಲ್ಲ. ಎಲ್ಲರೂ ಓಡುತ್ತಿದ್ದಾರೆ, ಇವನೊಬ್ಬ ನಿಂತಿದ್ದಾನೆ ಅಷ್ಟೆ. ಆಮೇಲೆ, ಕತ್ತಲ ಕೋಣೆಗೆ ಕಣ್ಣು ಹೊಂದಿಕೊಂಡಂತೆ, ನಿಧಾನವಾಗಿ ಕಾಣತೊಡಗಿತು. ಅವನು ನಿಂತಿರಲಿಲ್ಲ. ಅರ್ಧ ಹೆಜ್ಜೆ ಮುಂದೆ, ಒಂದು ಗೇಣು ಬಲಕ್ಕೆ, ಕೂದಲೆಳೆಯಷ್ಟು ಎಡಕ್ಕೆ. ಬಿಲ್ಲೆ ಇರುವ ಕಡೆಗೆ ಅವನ ಇಡೀ ಮೈ ಸದಾ ತಿರುಗುತ್ತಲೇ ಇತ್ತು. ಹೊಡೆಯುವವನು ಕೋಲೆತ್ತುವ ಮೊದಲೇ ಅವನ ಕಾಲು ಖಾಲಿ ಮೂಲೆಯನ್ನು ಮುಚ್ಚಿರುತ್ತಿತ್ತು. ಬಿಲ್ಲೆ ಆಮೇಲೆ ಅಲ್ಲಿಗೇ ಬರುತ್ತಿತ್ತು, ಅವನೇ ಕರೆಸಿಕೊಂಡ ಹಾಗೆ. ಮನೆಯಲ್ಲಿ ಇದೇ ಮನುಷ್ಯ ಕುರ್ಚಿ ಎಡವುತ್ತಾನೆ, ಲೋಟ ಒಡೆಯುತ್ತಾನೆ. ಹತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ಈ ಮೈಯ ಪರಿಚಯವೇ ಇರಲಿಲ್ಲ.

ಎರಡನೆಯ ಪಾಳಿಯಲ್ಲಿ ನಮ್ಮವರೆಲ್ಲ ಆ ತುದಿಯಲ್ಲಿ ಸಿಕ್ಕಿಕೊಂಡಿದ್ದಾಗ ಪೋರ್ಟ್ ಆಲ್ಡರಿನ ಮೂವರು ತಪ್ಪಿಸಿಕೊಂಡು ಬಂದರು. ನಡುವೆ ಇದ್ದವನು ಡಾರ್ಸಿ ಮಕ್‌ಫೇಲ್, ಆ ವರ್ಷ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದಿದ್ದ ಹುಡುಗ. ಎಡಗಡೆಯವನು ಹೊಡೆಯುವಂತೆ ಕೋಲೆತ್ತಿದ. ವೆಯಿಕ್ಕೊ ಅವನತ್ತ ಮೊಣಕಾಲೂರಿದ. ಎಡಗಡೆಯವನು ಹೊಡೆಯಲಿಲ್ಲ, ಬಿಲ್ಲೆಯನ್ನು ಅಡ್ಡ ತಳ್ಳಿದ. ಅದು ಮಕ್‌ಫೇಲನ ಕೋಲಿಗೆ ಬಂತು. ಅವನ ಮುಂದೆ ಬಾಗಿಲು ತೆರೆದಿಟ್ಟ ಮನೆಯ ಹಾಗೆ ಖಾಲಿ ಗೋಲು. ಪೋರ್ಟ್ ಆಲ್ಡರಿನ ಬೆಂಚಿನವರು ಕೈಯೆತ್ತಿಯೇ ಬಿಟ್ಟಿದ್ದರು. ಮಕ್‌ಫೇಲ್ ಹೊಡೆದ.

ವೆಯಿಕ್ಕೊ ಮಂಜುಗಡ್ಡೆಯ ಮೇಲೆ ಮಲಗಿದ್ದ. ಕಾಲು ಒಂದು ಕಡೆ, ತಲೆ ಇನ್ನೊಂದು ಕಡೆ. ತೊಗಲಿನ ಕೈಗವಸು ಮಾತ್ರ ಎಲ್ಲಿಂದಲೋ ಎದ್ದು, ಗೋಲಿನ ಗೆರೆಯ ಮೇಲೆ, ಗಾಳಿಯಲ್ಲಿ ನಿಂತಿತ್ತು. ಅದು ಮುಚ್ಚಿಕೊಂಡಿತ್ತು.

ಅವನು ನಿಧಾನವಾಗಿ ಎದ್ದ, ಕೈಗವಸು ಬಿಚ್ಚಿ ಬಿಲ್ಲೆಯನ್ನು ರೆಫರಿಯ ಕೈಗೆ ಕೊಟ್ಟ, ಯಾರೋ ಬೀಳಿಸಿಕೊಂಡು ಹೋದ ವಸ್ತು ಹಿಂತಿರುಗಿಸುವವನ ಹಾಗೆ. ಆಮೇಲೆ ಎದ್ದ ಗದ್ದಲಕ್ಕೆ ತಗಡಿನ ಮಾಡು ನಡುಗಿತು. ಮಕ್‌ಫೇಲ್ ತಲೆ ಮೇಲೆತ್ತಿ ಮಾಡನ್ನೇ ನೋಡುತ್ತ ಒಂದು ಸುತ್ತು ಹಾಕಿದ. ಮೇಲಿನ ಸಾಲಿನ ದಡೂತಿ ಆಸಾಮಿ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡಿದ್ದ.

"ಕೂತ್ಕೊಳ್ಳೇ," ಎಂದಳು ಹಿಲ್ಯಾ. ತಾನು ಎದ್ದು ನಿಂತಿದ್ದೇನೆಂದು ಓಡೀಲಳಿಗೆ ಆಗಲೇ ಗೊತ್ತಾದದ್ದು. ಅವಳ ಕೆನ್ನೆ ಒದ್ದೆಯಾಗಿತ್ತು.

"ಇವ್ನು ಯಾವಾಗ್ಲೂ ಹಿಂಗೇನಾ?"

"ಇವತ್ತು ಒಂದು ಕೈ ಜಾಸ್ತಿ. ಆದ್ರೆ ಹಿಂಗೇ. ಸೋತ ದಿನಾನೂ ಹಿಂಗೇ."

"ಮತ್ತೆ ನಂಗ್ಯಾಕೆ ಯಾರೂ ಹೇಳ್ಲಿಲ್ಲ? ಬಿಟ್ಟಿದ್ದೆಲ್ಲ ಬಂದು ಹೇಳ್ತಿದ್ರಿ!"

ಹಿಲ್ಯಾ ಅವಳ ಕೈ ಹಿಡಿದು ಕೂರಿಸಿದಳು. "ಏನಂತ ಹೇಳೋದು? ಬಿಟ್ಟಿದ್ದಾದ್ರೆ ಆಗಿದ್ದು, ಹೇಳ್ಬೋದು. ಆಗದೇ ಇದ್ದದ್ದನ್ನ ಹೆಂಗೆ ಹೇಳ್ತಾರೆ?"

ಮೂರನೆಯ ಪಾಳಿಯಲ್ಲಿ ಒಂದು ಹೊಡೆತ ನೇರ ಅವನ ಮುಖವಾಡಕ್ಕೆ ಬಿತ್ತು. ವೆಯಿಕ್ಕೊ ಹಿಂದಕ್ಕೆ ಬಿದ್ದ. ಓಡೀಲಳ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತು. ಆ ಹಳೆಯ ಕೆಂಪು ಕಣ್ಣ ಮುಂದೆ ಬಂತು. ಎದುರಿನ ಸಾಲಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವಳು ಅಲ್ಲೇ ನಿಂತಳು. ನೋಡಿದಳು. ಅವನು ಒಂದು ಮೊಣಕಾಲ ಮೇಲೆ ಎದ್ದ, ತಲೆ ಕೊಡವಿದ, ಓಡಿಬಂದ ವೈದ್ಯನನ್ನು ಕೈಸನ್ನೆಯಲ್ಲೇ ಹಿಂದೆ ಕಳಿಸಿದ. ಎಡಗಡೆಯ ಕಂಬವನ್ನೊಮ್ಮೆ, ಬಲಗಡೆಯ ಕಂಬವನ್ನೊಮ್ಮೆ ಕೋಲಿನಿಂದ ಮುಟ್ಟಿ ಮತ್ತೆ ಬಗ್ಗಿ ನಿಂತ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ನಮ್ಮವನೊಬ್ಬ ದಿಕ್ಕಿಲ್ಲದೆ ಎಸೆದ ಬಿಲ್ಲೆ ಯಾರದೋ ಸ್ಕೇಟಿಗೆ ಬಡಿದು, ತಿರುಗಿ, ಪೋರ್ಟ್ ಆಲ್ಡರಿನ ಗೋಲಿನೊಳಕ್ಕೆ ಉರುಳಿತು. ತಂಡವೆಲ್ಲ ಆ ತುದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯಿತು. ಈ ತುದಿಯಲ್ಲಿ ವೆಯಿಕ್ಕೊ ಒಬ್ಬನೇ. ಕೋಲನ್ನು ಒಮ್ಮೆ ಮೇಲೆತ್ತಿದ, ಬಾಟಲಿಯಿಂದ ಒಂದು ಗುಟುಕು ನೀರು ಕುಡಿದ. ಇಡೀ ಊರು ಆ ಕಡೆ ನೋಡುತ್ತಿದ್ದಾಗ ಓಡೀಲ್ ಇವನು ನೀರು ಕುಡಿಯುವುದನ್ನು ನೋಡಿದಳು.

ಉಳಿದ ಹೊತ್ತು ಪೋರ್ಟ್ ಆಲ್ಡರಿನವರು ತಮ್ಮ ಗೋಲ್‌ಕೀಪರನನ್ನೂ ಹೊರಗೆ ಕರೆದು, ಅವನ ಬದಲು ಇನ್ನೊಬ್ಬ ದಾಳಿಗಾರನನ್ನು ಬಿಟ್ಟು ಮುತ್ತಿಗೆ ಹಾಕಿದರು. ಯಾವುದೂ ಒಳಗೆ ಹೋಗಲಿಲ್ಲ. ಸೈರನ್ ಕೂಗಿತು. ನಮ್ಮ ಹುಡುಗರು ಒಬ್ಬೊಬ್ಬರಾಗಿ ಬಂದು ಅವನ ತಲೆಗೆ ತಲೆ ತಾಗಿಸಿದರು. ಎಲ್ಲರೂ ಹೋದ ಮೇಲೆ ಮಕ್‌ಫೇಲ್ ಬಂದ. ಏನೂ ಮಾತಾಡದೆ ವೆಯಿಕ್ಕೊನ ಮೊಣಕಾಲ ಪಟ್ಟಿಯನ್ನು ಕೋಲಿನಿಂದ ಮೆಲ್ಲಗೆ ಮುಟ್ಟಿ ಹೋದ.

ಓಡೀಲ್ ಕಾಯುತ್ತಿದ್ದ ಒಳಗಿನ ಓಣಿಗೆ ವೆಯಿಕ್ಕೊ ಬಂದಾಗ ಗದ್ದದ ಮೇಲೆ ನೀಲಿ ಬಾವು ಎದ್ದಿತ್ತು. ಮುಖದಿಂದ ಬೆವರು ಇಳಿಯುತ್ತಿತ್ತು. ಗೋಡೆಗೊರಗಿ ಹೆಂಡತಿಯ ಮುಖ ನೋಡಿದ.

"ಹೇಳು," ಎಂದ.

"ಮುಂದಿನ ವರ್ಷದ್ದು ಯಾವಾಗ ಶುರು?" ಎಂದಳು.

ಅವನು ನಕ್ಕ. ನಗು ಗದ್ದಕ್ಕೆ ನೋವು ತಂದಿರಬೇಕು, ಮುಖ ಕಿವುಚಿದ. "ಸಾಕು ಕಣೇ. ನಾಳೆ ಮಾರ್ಸೆಲ್ ಹತ್ರ ಹೋಗ್ತೀನಿ."

"ಯಾಕೆ? ನಾನು ಬಿಡು ಅನ್ಲಿಲ್ವಲ್ಲ!"

"ಕಾಲು ಅಂತಿದೆ. ಎರಡು ವರ್ಷದಿಂದ್ಲೂ ಅಂತಿದೆ." ಕೈಗವಸಿನ ಲಾಡಿ ಬಿಚ್ಚಿದ. "ನೀನು ಒಂದ್ಸಲ ನೋಡ್ಲಿ ಅಂತಿದ್ದೆ."

"ಬಾಯ್ಬಿಟ್ಟು ಹೇಳೋಕಾಗ್ತಿರ್ಲಿಲ್ವಾ ಹಿಂಗಿರತ್ತೆ ಅಂತ? ಮೂಗ ಬಸವ!" ಅವಳು ಅವನ ಎದೆಯ ಮೆತ್ತೆಗೆ ಗುದ್ದಿದಳು. ಗುದ್ದು ಅವನಿಗೆ ತಾಗಿದಂತೆಯೇ ಕಾಣಲಿಲ್ಲ. ಅವನ ಬೆವರಿದ ಹಣೆಗೆ ಹಣೆ ಒತ್ತಿ ಹಾಗೇ ನಿಂತಳು. ಒಳಗಿನಿಂದ ಹುಡುಗರು ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಹೋದ.

ಕಾಯಲೆಂದು ಅವಳು ಮತ್ತೆ ಅಂಗಣಕ್ಕೆ ಬಂದಳು. ಜನ ಖಾಲಿಯಾಗಿದ್ದರು. ಮಂಜುಗಡ್ಡೆ ನಯಮಾಡುವ ಯಂತ್ರದ ಮೇಲೆ ಮುದುಕ ರೆಯೊ ಕೂತು ಸುತ್ತು ಹಾಕುತ್ತಿದ್ದ. ಅದು ಹಾದುಹೋದಲ್ಲೆಲ್ಲ ಗೀರುಗಳು ಅಳಿಸಿ, ಒದ್ದೆಯ ಕನ್ನಡಿಯಂಥ ಹೊಳಪು ಮೂಡುತ್ತಿತ್ತು. ಗೋಲಿನ ಮುಂದಿನ ನೀಲಿ ಅರ್ಧವೃತ್ತ ಮಾತ್ರ ಉಳಿಯಿತು. ಅಲ್ಲಿ ವೆಯಿಕ್ಕೊನ ಅಲಗುಗಳು ಗೀರಿದ ಗೆರೆಗಳು ಒಂದರ ಮೇಲೊಂದು ಬಿದ್ದು, ಉಳುಮೆ ಮಾಡಿದ ಹಾಗೆ ನೆಲ ಬೆಳ್ಳಗೆ ಪುಡಿಯಾಗಿತ್ತು.

ರೆಯೊ ಯಂತ್ರವನ್ನು ಅದರ ಅಂಚಿನವರೆಗೆ ತಂದ. ಗಾಜಿನಾಚೆ ನಿಂತಿದ್ದ ಓಡೀಲಳನ್ನು ನೋಡಿದ. ಆ ಗೆರೆಗಳನ್ನು ಅಳಿಸದೆ ಎಂಜಿನ್ ಆರಿಸಿ, ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಸುಮ್ಮನೆ ಕೂತ.