ಕ್ರೀಮ್ ಬಣ್ಣದ ಸೀಟು

ಲಾಂಡ್ರಿಯಮ್ಮನಿಗೆ ದೊಡ್ಡ ಕಾರಿನ ಆಸೆ ಇವತ್ತು ನಿನ್ನೆಯದಲ್ಲ. ಸೈಕಲ್ಲಿನ ಹಿಂದೆ ಬಟ್ಟೆಗಂಟು ಕಟ್ಟಿಕೊಂಡು ಹೋಟೆಲುಗಳ ಹಿಂಬಾಗಿಲು ತಟ್ಟುತ್ತಿದ್ದ ಕಾಲದಲ್ಲಿ, ಒಗೆದು ಮಡಿಸಿದ ಗಂಟಿನ ಮೇಲೆ ಕೆಸರು ಹಾರಿಸಿ ಹೋದ ಎತ್ತರದ ಗಾಡಿಯೊಂದನ್ನು ನೋಡಿ, ಒಂದು ದಿನ ನಾನೂ ಅಷ್ಟೆತ್ತರದಲ್ಲಿ ಕೂರುತ್ತೇನೆ ಎಂದು ಹಲ್ಲು ಕಚ್ಚಿದ್ದಳು. ಈಗ ಆಕೆಗೆ ಐವತ್ತೆರಡು. ಮೂರು ಹೋಟೆಲು, ಎರಡು ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅವಳ ಯಂತ್ರಗಳಲ್ಲೇ ತಿರುಗುತ್ತದೆ. ಕೊಳ್ಳುವ ತಾಕತ್ತು ಬಂದು ಎರಡು ವರ್ಷವಾಯಿತು. ಕಾರು ಮಾತ್ರ ಬಂದಿರಲಿಲ್ಲ.

ಕಾರಣಗಳಿಗೇನು ಆ ಮನೆಯಲ್ಲಿ ಬರವೇ? ಗಂಡ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಒಂದು ಬಕೆಟ್ ಕೊಳ್ಳಬೇಕಾದರೂ ಅಳೆದು ತೂಗದೆ ಮುಟ್ಟುವ ಆಸಾಮಿಯಲ್ಲ. ಮೊದಲು, "ಸ್ವಲ್ಪ ತಡಿ, ಹೊಸ ಮಾಡೆಲ್ ಬರುತ್ತಂತೆ" ಎಂದರು. ಬಂತು. "ಬಂದ ವರ್ಷವೇ ತಗೋಬಾರದು, ಇರೋ ತಪ್ಪೆಲ್ಲ ತಿದ್ದಲಿ" ಎಂದರು. ತಿದ್ದಿದರು. "ವರ್ಷದ ಕೊನೆಗೆ ದರ ಇಳಿಯುತ್ತೆ" ಎಂದರು. ದರ ಇಳಿಯಿತು. ಆಗ, "ಈಗ ತಗೊಂಡ್ರೆ ಮುಂದಿನ ತಿಂಗಳಿಗೇ ಒಂದು ವರ್ಷ ಹಳೇದಾಗುತ್ತಲ್ಲೇ" ಎಂದು ಕನ್ನಡಕ ಒರೆಸಿಕೊಂಡರು. ಅಲ್ಲಾ, ಹೀಗೆ ಲೆಕ್ಕ ಹಾಕುತ್ತಾ ಕೂತರೆ ಮನುಷ್ಯ ಕೊಡೆಯನ್ನಾದರೂ ಕೊಂಡಾನೇ?

ಆದರೆ ಇದೆಲ್ಲ ಬಾಯಿಮಾತು. ನಿಜವಾದ ಕಾರಣ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ವಾರಕ್ಕೆ ಮೂರು ದಿನ ಒರಗಿಕೊಂಡು ಕೂರುತ್ತಿತ್ತು. ಅದು ಅವಳ ಅಪ್ಪ.

ಅಪ್ಪನಿಗೆ ಎಪ್ಪತ್ತೊಂಬತ್ತು. ಎರಡೂ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಬೆಳಿಗ್ಗೆ ಒಂಬತ್ತಕ್ಕೆ ಮಲಗಿಸಿದರೆ ಎದ್ದೇಳುವುದು ಒಂದು ಗಂಟೆಗೆ. ಸೂಜಿ ತೆಗೆದ ತೋಳಿಗೆ ಹತ್ತಿ ಒತ್ತಿ, ಪಟ್ಟಿ ಸುತ್ತಿ ಕಳಿಸುತ್ತಾರೆ. ಒಂದೊಂದು ದಿನ ದಾರಿಯಲ್ಲಿ ಆ ಜಾಗ ಮತ್ತೆ ಒಸರುತ್ತದೆ. ಒಂದೊಂದು ದಿನ ವಾಂತಿ. ಅದಕ್ಕೇ ಹಳೆಯ ಕಾರಿನ ಹಿಂದಿನ ಸೀಟಿಗೆ ಉದ್ದಕ್ಕೂ ಒಂದು ರಬ್ಬರ್ ಶೀಟು, ಅದರ ಮೇಲೆ ಎರಡು ಹಳೇ ಟವೆಲು. ಮೇಷ್ಟ್ರು ಇಷ್ಟಪಟ್ಟ ಹೊಸ ಗಾಡಿಗೋ ಒಳಗೆಲ್ಲ ಕ್ರೀಮ್ ಬಣ್ಣದ ಚರ್ಮ. ಬೇರೆ ಬಣ್ಣ ಬರುವುದೇ ಇಲ್ಲ. ಹಾಲಿನ ಕೆನೆಯಂಥ ಆ ಸೀಟನ್ನೂ ಈ ರಬ್ಬರ್ ಶೀಟನ್ನೂ ಒಟ್ಟಿಗೆ ನೆನೆಸಿಕೊಳ್ಳಲು ಗಂಡಹೆಂಡಿರಿಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವುದು ಹೇಗೆ? ಮೇಷ್ಟ್ರು ಮಾರುಕಟ್ಟೆಯ ಮಾತಾಡುತ್ತಿದ್ದರು, ಇವಳು ಹೂಂಗುಟ್ಟುತ್ತಿದ್ದಳು.

ಬಾಯಿಬಿಟ್ಟದ್ದು ಒಂದೇ ಸಲ. ಆರು ತಿಂಗಳ ಹಿಂದೆ ಇಬ್ಬರೂ ಶೋರೂಮಿಗೆ ಹೋಗಿದ್ದರು. ಅಲ್ಲಿನ ಸೇಲ್ಸಿನವನು ನಲವತ್ತು ದಾಟಿದ, ತಲೆ ಬೋಳಾದ, ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಶಿಸ್ತಿನ ಮನುಷ್ಯ. "ಹಾಗಾದ್ರೆ ಯಾವಾಗ ತಗೋಬೇಕು ಅಂತಿದ್ದೀರಿ?" ಎಂದು ಪೆನ್ನು ಹಿಡಿದು ಕೂತ. ಮೇಷ್ಟ್ರು ತಡವರಿಸಿದರು. "ಮನೇಲಿ ಸ್ವಲ್ಪ… ವಯಸ್ಸಾದವರಿದ್ದಾರೆ… ನೋಡಬೇಕು…" ಲಾಂಡ್ರಿಯಮ್ಮನಿಗೆ ಅವತ್ತು ಬೆಳಗಿನ ನಾಲ್ಕಕ್ಕೇ ಬಾಯ್ಲರ್ ಕೆಟ್ಟು ನಿದ್ದೆಯಿರಲಿಲ್ಲ. ಗಂಡ ಎಳೆಯುತ್ತಿದ್ದ ಮಾತನ್ನು ಆಕೆಯೇ ಮುಗಿಸಿದಳು.

"ನಮ್ಮಪ್ಪನದೊಂದು ಮುಗೀಲಿ," ಎಂದಳು. "ಆಮೇಲೆ ತಗೋತೀವಿ."

ಸೇಲ್ಸಿನವನು ಅದನ್ನೂ ಬರೆದುಕೊಂಡ. ಮನೆಗೆ ಬಂದು ಮುಖ ತೊಳೆಯುವಾಗ ಆಕೆಗೆ ತಾನು ಆಡಿದ ಮಾತು ತಿರುಗಿ ಕಿವಿಗೆ ಬಿತ್ತು. ನೀರು ಸುರಿಯುತ್ತಲೇ ಇತ್ತು, ಆಕೆ ನಿಂತೇ ಇದ್ದಳು. ಅಲ್ಲಿಂದೀಚೆಗೆ ತಿಂಗಳಿಗೊಮ್ಮೆ ಅವನ ಫೋನು ಬರುವುದು, ಆಕೆ ನೋಡಿ ಸುಮ್ಮನಾಗುವುದು ನಡೆದುಕೊಂಡು ಬಂತು.

ಈ ಬುಧವಾರ ಮಧ್ಯಾಹ್ನ ಅಪ್ಪನನ್ನು ಕೂರಿಸಿಕೊಂಡು ಆಸ್ಪತ್ರೆಯಿಂದ ಹೊರಟಿದ್ದಳು. ತಲೆಯಲ್ಲಿ ಹೋಟೆಲಿನ ಇನ್ನೂರು ಬೆಡ್‌ಶೀಟು. ಸಂಜೆಯೊಳಗೆ ಇಸ್ತ್ರಿಯಾಗಿ ಹೋಗಬೇಕು. ಫೋನು ಬಂತು. ಹೋಟೆಲಿನವರೇ ಇರಬೇಕೆಂದು ನೋಡದೆ ಬಟನ್ ಒತ್ತಿದಳು. ಗಾಡಿ ಓಡಿಸುವಾಗ ಫೋನು ಕಿವಿಗಿಟ್ಟುಕೊಳ್ಳುತ್ತಾಳೆಂದು ಮೇಷ್ಟ್ರು ಹೋದ ವರ್ಷವಷ್ಟೇ ಹಳೆಯ ಕಾರಿಗೆ ಹೊಸ ಸ್ಪೀಕರ್ ಸೆಟ್ ಹಾಕಿಸಿದ್ದರು. ಮಾತೆಲ್ಲ ನಾಲ್ಕೂ ಬಾಗಿಲಿನಿಂದ ಗಣಗಣ ಕೇಳುತ್ತಿತ್ತು.

"ನಮಸ್ಕಾರ ಮೇಡಂ, ಶೋರೂಮಿಂದ. ಕೊನೆಗೂ ಸಿಕ್ಕಿದ್ರಿ. ಹೋದ ಸಲ ಬಂದಾಗ ನಿಮ್ಮ ತಂದೆಯವರದು ಮುಗಿದ ಮೇಲೆ ಅಂದಿದ್ರಿ. ಬರಕೊಂಡಿದ್ದೆ. ಈಗ ಅದು… ಮುಗೀತಾ ಮೇಡಂ?"

ಪಾಪ, ಅವನದೇನು ತಪ್ಪು? ಬರೆದುಕೊಂಡದ್ದನ್ನು ಕೇಳಿದ. ಮುಂದೆ ಸಿಗ್ನಲ್ ಕೆಂಪಾಗಿತ್ತು. ಗಾಡಿ ನಿಲ್ಲಿಸಿದಳೇ ಹೊರತು, ಯಾವ ಬಟನ್ ಒತ್ತಿದರೆ ಈ ದನಿ ನಿಲ್ಲುತ್ತದೆ ಎನ್ನುವುದು ಕೈಗೆ ಹೊಳೆಯಲಿಲ್ಲ.

ಹಿಂದಿನಿಂದ ಅಪ್ಪನ ದನಿ ಬಂತು. "ಇನ್ನೂ ಮುಗಿದಿಲ್ಲ ಅಂತ ಹೇಳು ಮಗಾ."

ಸ್ಪೀಕರಿನಿಂದ, "ಯಾರು ಸಾರ್ ಮಾತಾಡ್ತಿರೋದು?"

"ನಾನೇ. ಮುಗೀಬೇಕಾದವನು."

"ಓ… ನಮಸ್ಕಾರ ಸಾರ್. ಆರೋಗ್ಯವಾಗಿದೀರಾ?" ಎಂದು ಆ ಮಹಾರಾಯ ಕೇಳಿದ. ಕೇಳಿದ ಮೇಲೆ ಅವನಿಗೇ ಹೇಗೆ ಹೇಗೋ ಆಗಿರಬೇಕು, ಫೋನು ಕಟ್ಟಾಯಿತು.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಬಾರಿಸಿದ ಮೇಲೆ ಆಕೆ ಗಾಡಿ ಎತ್ತಿದಳು. ಕನ್ನಡಿಯಲ್ಲಿ ಅಪ್ಪನ ಮುಖ ನೋಡುವ ಧೈರ್ಯವಿರಲಿಲ್ಲ. ಸತ್ತು ಹೋಗಬಾರದೇ ಅನ್ನಿಸಿತು. ಅದೂ ಯಾರು, ತಾನೋ ಅಪ್ಪನೋ, ಎಂದು ಯೋಚನೆ ಬಂದು ಇನ್ನಷ್ಟು ನಾಚಿಕೆಯಾಯಿತು.

"ನೀನು ಅಂದದ್ದಾ, ಅಳಿಯಂದಿರಾ?" ಅಪ್ಪ ಕೇಳಿದ.

"ನಾನೇ ಅಂದೆ."

"ಹ್ಞೂ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ದನಿ ಬಂತು. "ಅಳಬೇಡ. ಎದುರಿಗೆ ಲಾರಿ ಇದೆ."

"ಅಪ್ಪಾ, ಅವತ್ತು ಸುಸ್ತಾಗಿತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ."

"ಸುಸ್ತಾದಾಗಲೇ ನಿಜ ಬರೋದು. ನಂಗೇ ಸಾಕಾಗಿದೆ ಮಗಾ, ಆ ಸೂಜಿ, ಆ ಹಾಸಿಗೆ. ನಿಂಗೆ ಸಾಕಾಗಬಾರದು ಅಂದ್ರೆ ಹೇಗೆ?" ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಆಕೆಗೆ ಹಗುರಾಗುತ್ತಿತ್ತು. "ನನಗೆ ಬೇಜಾರಾಗಿರೋದು ಅದಕ್ಕಲ್ಲ. ಹೊಸ ಗಾಡಿ ನೋಡ್ತಿದೀರಿ, ಸೀಟು ಹೇಗಿದೆ ಅಂತ ನನ್ನ ಒಂದು ಮಾತು ಕೇಳಲಿಲ್ಲವಲ್ಲ."

ಅದೂ ಸರಿಯೇ. ನಲವತ್ತು ವರ್ಷ ಕಾರಿನ ಸೀಟು ಹೊಲಿದ ಕೈ ಅದು. ಊರಲ್ಲೆಲ್ಲ ಸೀಟು ಮೇಸ್ತ್ರಿ ಎಂದೇ ಹೆಸರು. ಡಾಕ್ಟರು, ವಕೀಲರು ಗಾಡಿ ಕೊಂಡ ಮರುದಿನವೇ ಅವನ ಶೆಡ್ಡಿನ ಮುಂದೆ ತಂದು ನಿಲ್ಲಿಸುತ್ತಿದ್ದರು. ಈಗ ಅವನು ಕೂತಿರುವ ಈ ಸೀಟೂ, ರಬ್ಬರ್ ಶೀಟಿನ ಕೆಳಗೆ, ಅವನೇ ಹೊಲಿದದ್ದು.

"ಕರಕೊಂಡು ಹೋಗು," ಎಂದ. "ಈಗಲೇ. ಮನೆಗೆ ಹೋದ್ರೆ ಮಲಗಿಬಿಡ್ತೀನಿ."

ಬೆಡ್‌ಶೀಟು ಹಾಳಾಗಿ ಹೋಗಲಿ ಎಂದು ಆಕೆ ಗಾಡಿ ತಿರುಗಿಸಿದಳು.

ಶೋರೂಮಿನ ಗಾಜಿನ ಬಾಗಿಲಲ್ಲಿ ಅಪ್ಪ ಮಗಳನ್ನು ಕಂಡ ಸೇಲ್ಸಿನವನ ಮುಖ ಬಿಳಿಚಿಕೊಂಡಿತು. ಕುರ್ಚಿ ತಂದ, ನೀರು ತಂದ, ಕೈಮುಗಿದ, ಮತ್ತೆ ನೀರು ತಂದ. ಅಪ್ಪ ಅದ್ಯಾವುದಕ್ಕೂ ನಿಲ್ಲದೆ ಮಧ್ಯದಲ್ಲಿ ನಿಲ್ಲಿಸಿದ್ದ ಗಾಡಿಯ ಹತ್ತಿರ ಹೋಗಿ ಹಿಂದಿನ ಬಾಗಿಲು ತೆಗೆಸಿದ. ಮೆಟ್ಟಿಲು ಅವನ ಮಂಡಿಯ ಮಟ್ಟಕ್ಕಿತ್ತು.

"ಏಣಿ ಇದ್ಯಾ?" ಎಂದ.

ಮಗಳು ಕಂಕುಳಿಗೆ ಕೈಕೊಟ್ಟು, ಸೇಲ್ಸಿನವನು ಕಾಲೆತ್ತಿಟ್ಟು, ಅಂತೂ ಇಂತೂ ಹತ್ತಿಸಿದರು. ಕೂತವನು ಮೊದಲು ಮಾಡಿದ ಕೆಲಸ, ಬಲಗೈ ಹೆಬ್ಬೆರಳನ್ನು ಹೊಲಿಗೆಯ ಮೇಲೆ ಮೆಲ್ಲಗೆ ಎಳೆದದ್ದು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಪಟ್ಟಿ ಸುತ್ತಿದ ಎಡಗೈಯನ್ನು ಮಾತ್ರ ಸೀಟಿಗೆ ತಾಗಿಸದೆ, ಎದೆಯ ಹತ್ತಿರ ಎತ್ತಿ ಹಿಡಿದುಕೊಂಡಿದ್ದ. ಯಾರೂ ಹಾಗೆ ಹಿಡಿ ಎಂದಿರಲಿಲ್ಲ. ಲಾಂಡ್ರಿಯಮ್ಮ ಅದನ್ನು ನೋಡಿ ಬೇರೆ ಕಡೆ ತಿರುಗಿದಳು.

"ಚರ್ಮ ಒಳ್ಳೇದು," ಅಪ್ಪ ಹೇಳಿದ. "ಸಾಲು ನೇರ ಇದೆ. ಮೂಲೇಲಿ ದಾರ ಜಾಸ್ತಿ ಬಿಗಿ ಮಾಡಿದಾರೆ. ಐದು ವರ್ಷಕ್ಕೆ ಬಿಡುತ್ತೆ."

"ನಮ್ಮ ಕಂಪನಿ ಗ್ಯಾರಂಟಿ ಇದೆ ಸಾರ್," ಎಂದ ಸೇಲ್ಸಿನವನು.

"ಆವಾಗ ನನ್ನ ಕರೀರಿ, ಬಂದು ಹೊಲಿದುಕೊಡ್ತೀನಿ," ಎಂದು ಅಪ್ಪ ಕಣ್ಣುಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ. ಡಯಾಲಿಸಿಸ್ ದಿನದ ನಿದ್ದೆ ಹೇಳಿಕೇಳಿ ಬರುವುದಿಲ್ಲ. ನೋಡುತ್ತಿದ್ದಂತೆ ಬಾಯಿ ಸ್ವಲ್ಪ ತೆರೆದುಕೊಂಡಿತು, ಉಸಿರು ನಿಧಾನವಾಯಿತು. ಎತ್ತಿ ಹಿಡಿದಿದ್ದ ಕೈ ಆಗಲೂ ಎದೆಯ ಮೇಲೇ ಇತ್ತು.

ಲಾಂಡ್ರಿಯಮ್ಮ ಸೇಲ್ಸಿನವನಿಗೆ, "ಒಂದು ಹತ್ತು ನಿಮಿಷ ಬಿಡಿ" ಎಂದಳು. ಅವನು ತಲೆಯಾಡಿಸಿ, ಗಾಡಿಯ ಮೇಲಿನ ದೀಪ ಆರಿಸಿ ದೂರ ಹೋದ. ಎಷ್ಟೆಂದರೂ ಮನುಷ್ಯ ಒಳ್ಳೆಯವನು.

ಆಕೆ ಈ ಕಡೆಯ ಬಾಗಿಲಿನಿಂದ ಹತ್ತಿ ಅಪ್ಪನ ಪಕ್ಕ ಕೂತಳು. ಬಾಗಿಲು ಹಾಕಿಕೊಂಡಾಗ ಹೊರಗಿನ ಸದ್ದೆಲ್ಲ ನಿಂತಿತು. ಯಂತ್ರಗಳ ಗದ್ದಲದಲ್ಲಿ ಮೂವತ್ತು ವರ್ಷ ಬದುಕಿದವಳಿಗೆ ಅಂಥ ಮೌನ ಗೊತ್ತೇ ಇರಲಿಲ್ಲ. ಫೋನು ಹಳೆಯ ಕಾರಿನಲ್ಲೇ ಉಳಿದಿತ್ತು. ತಾನು ಕೊನೆಯ ಸಲ ಅಪ್ಪನ ಪಕ್ಕ ಹೀಗೆ ಕೂತದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ವಾರಕ್ಕೆ ಮೂರು ದಿನ ಆಕೆ ಮುಂದೆ, ಅವನು ಹಿಂದೆ. ಮೂರು ವರ್ಷದಿಂದ ಅಪ್ಪನನ್ನು ಕನ್ನಡಿಯಲ್ಲೇ ನೋಡಿದ್ದಾಯಿತು. ಹೀಗೆ ಅಂದುಕೊಳ್ಳುತ್ತಿದ್ದಂತೆ ಆಕೆಗೂ ಕಣ್ಣು ಎಳೆಯಿತು.

ಎಚ್ಚರವಾದಾಗ ಶೋರೂಮಿನ ಗಾಜಿನ ಮೇಲೆ ಬಿಸಿಲು ಕೆಳಗಿಳಿದಿತ್ತು. ಒಂದು ಗಂಟೆಯ ಮೇಲೇ ಆಗಿರಬೇಕು. ಅಪ್ಪ ಇನ್ನೂ ಮಲಗಿದ್ದ. ನಿದ್ದೆಯಲ್ಲಿ ಎಡಗೈ ಜಾರಿ ಸೀಟಿನ ಮೇಲೆ ಬಿದ್ದಿತ್ತು. ಪಟ್ಟಿ ಒದ್ದೆಯಾಗಿತ್ತು. ಅದರ ಕೆಳಗೆ, ಕ್ರೀಮ್ ಬಣ್ಣದ ಚರ್ಮದ ಮೇಲೆ, ಅಂಗೈಯಗಲ ಕೆಂಪು.

ಮೊದಲು ಅವನ ಕೈ ಎತ್ತಿ ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಒಸರುವುದು ನಿಲ್ಲುತ್ತಾ ಬಂದಿತ್ತು. ಆಮೇಲೆ ಕಲೆಯ ಕಡೆ ನೋಡಿದಳು. ಇಂಥ ಕಲೆಗೆ ಏನು ಮಾಡಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ತಣ್ಣೀರು, ಬಿಸಿನೀರಲ್ಲ. ಉಜ್ಜಬಾರದು, ಒತ್ತಬೇಕು. ಒಣಗುವ ಮೊದಲೇ ಒತ್ತಬೇಕು. ಕೈಗೆಟುಕುವಷ್ಟು ದೂರದಲ್ಲೇ ಸೇಲ್ಸಿನವನು ಕೊಟ್ಟ ನೀರಿನ ಬಾಟಲಿಯಿತ್ತು. ಅವಳ ಕೈ ಏಳಲಿಲ್ಲ. ಈ ಕಲೆಗೆ ಹೆದರಿ ಎರಡು ವರ್ಷ ಏನೇನು ಆಟ ಆಡಿದೆವು, ಏನೇನು ಮಾತಾಡಿದೆವು. ನೋಡಿದರೆ ಇಷ್ಟೇ ಇಷ್ಟು.

ಅಪ್ಪ ಕಣ್ಣು ಬಿಟ್ಟ. ಸೀಟು ನೋಡಿದ. ಗಡಿಬಿಡಿಯಲ್ಲಿ ಬಲಗೈಯನ್ನು ಅಡ್ಡ ತಂದು ಕಲೆಯ ಮೇಲಿಟ್ಟು ಮುಚ್ಚಿದ. ತಪ್ಪು ಮಾಡಿದ ಮಗುವಿನ ಹಾಗೆ ಅವಳ ಮುಖ ನೋಡಿದ. ಸ್ಪೀಕರಿನಲ್ಲಿ ಆ ಮಾತು ಕೇಳಿದಾಗಲೂ ಅವನ ಮುಖ ಹೀಗಾಗಿರಲಿಕ್ಕಿಲ್ಲ.

"ಒರಸು ಬೇಗ," ಎಂದು ಪಿಸುಗುಟ್ಟಿದ. "ಅವನು ಬರೋದ್ರೊಳಗೆ."

ಸೇಲ್ಸಿನವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಕಲೆಯನ್ನೂ ಕಂಡ. "ಪರವಾಗಿಲ್ಲ ಸಾರ್, ಪರವಾಗಿಲ್ಲ ಮೇಡಂ," ಎಂದು ತೊದಲಿದ. "ನಮ್ಮವರು ಕ್ಲೀನ್ ಮಾಡ್ತಾರೆ. ನಿಮಗೆ ಬೇಕಾದಾಗ ಬೇರೆ ಗಾಡಿ ತರಿಸಿಕೊಡ್ತೀನಿ. ಇದು ಹೇಗೂ ನೋಡೋಕೆ ಇಟ್ಟಿರೋದು."

"ಇದನ್ನೇ ಕೊಡಿ," ಎಂದಳು ಲಾಂಡ್ರಿಯಮ್ಮ.

"ಇದನ್ನಾ? ನಿಮ್ಮ ಯಜಮಾನರ ಹತ್ತಿರ ಒಂದು ಮಾತು…"

"ಮೇಷ್ಟ್ರಿಗೆ ನಾನು ಹೇಳ್ಕೋತೀನಿ. ಇದೇ ಗಾಡಿ, ಹೀಗೇ ಬೇಕು."

ಅಪ್ಪ ಮಗಳನ್ನು ನೋಡಿದ. ಆಮೇಲೆ ಕಲೆಯ ಮೇಲಿದ್ದ ಕೈಯನ್ನು ನಿಧಾನವಾಗಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಲವತ್ತು ವರ್ಷ ಗಿರಾಕಿಗಳ ಜೊತೆ ಮಾತಾಡಿದ ದನಿ ಅವನಿಗೆ ತಿರುಗಿ ಬಂದಿತ್ತು.

"ಕಲೆ ಬಿದ್ದ ಮಾಲು," ಎಂದ. "ದರ ಇಳಿಸಿ ಕೇಳು."

ಸೇಲ್ಸಿನವನು ನಗಬೇಕೋ ಬೇಡವೋ ತಿಳಿಯದೆ ನೋಟ್‌ಬುಕ್ ತೆಗೆದ. "ಕಾಗದಪತ್ರ ಎರಡು ದಿನದಲ್ಲಿ ಮುಗಿಯುತ್ತೆ ಮೇಡಂ. ಒಂದು ದಿನ ಜಾಸ್ತಿ ಕೊಡಿ, ಸೀಟು ತೊಳೆಸಿ ಶನಿವಾರ ಕೊಟ್ಟುಬಿಡ್ತೀನಿ."

"ತೊಳೆಯೋದು ನನ್ನ ಕೆಲಸ. ಶುಕ್ರವಾರ ಕೊಡಿ, ಬೆಳಿಗ್ಗೆ ಎಂಟಕ್ಕೆ."

ಅವನು ಬರೆದುಕೊಂಡ. ಅಪ್ಪನನ್ನು ಇಬ್ಬರೂ ಸೇರಿ ಮೆಲ್ಲಗೆ ಇಳಿಸಿದರು. ಹಳೆಯ ಕಾರಿನ ತನಕ ನಡೆಯುವಷ್ಟರಲ್ಲಿ ಅವನಿಗೆ ಎರಡು ಸಲ ನಿಲ್ಲಬೇಕಾಯಿತು. ಮುಂದಿನ ಬಾಗಿಲು ತೆಗೆದು, ಪಕ್ಕದ ಸೀಟಿನ ಮೇಲಿದ್ದ ಬಿಲ್ಲು, ಚೀಲವನ್ನೆಲ್ಲ ಹಿಂದಕ್ಕೆ ಎಸೆದು, ಅಪ್ಪನನ್ನು ಅಲ್ಲೇ ಕೂರಿಸಿದಳು. ಫೋನಿನಲ್ಲಿ ಹೋಟೆಲಿನವರ ಹದಿನಾಲ್ಕು ಕರೆ ಕಾದಿದ್ದವು.

"ಶುಕ್ರವಾರ ನನಗೆ ಡಯಾಲಿಸಿಸ್ ಇದೆಯಲ್ಲ ಮಗಾ," ಎಂದ ಅಪ್ಪ. "ಮರೆತುಬಿಟ್ಯಾ?"

"ಇಲ್ಲಪ್ಪ," ಎಂದು ಆಕೆ ಗಾಡಿ ಎತ್ತಿದಳು. "ಅದಕ್ಕೇ ಶುಕ್ರವಾರ ಅಂದಿದ್ದು."